ಚೀಟಿ ನಿಮ್ಮದು, ನಾಲಿಗೆ ನಮ್ಮದು

ಐದು ವಾರ, ಮೂರು ಶಾಲೆ. ಮಂಗಳವಾರ ಕುರುಗೋಡು, ಗುರುವಾರ ಸಿರುಗುಪ್ಪ, ಶನಿವಾರ ಬಳ್ಳಾರಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಯುದ್ಧ ಮತ್ತು ಶಾಂತಿಯ ಬಗ್ಗೆ ಚರ್ಚೆ ಮಾಡುವುದನ್ನು ಕಲಿಸಬೇಕು. ರಿಟೈರ್ ಆದ ಟೀಚರ್ ಅಂತ ಒಂದು ಸಂಸ್ಥೆಯವರು ಬಂದು ಕೇಳಿದಾಗ ಹಿಂದೆಮುಂದೆ ನೋಡದೆ ಯೆಸ್ ಅಂದುಬಿಟ್ಟೆ. ಅವರ ಹ್ಯಾಂಡ್‌ಬುಕ್ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ಇಳಿಸುವ ಕೆಲಸವೂ ನನ್ನದೇ. ಮಕ್ಕಳಿಗೆ ಅಭಿಪ್ರಾಯ ಕಲಿಸಬೇಡಿ, ಅಭಿಪ್ರಾಯ ಹೇಳುವುದನ್ನೂ ಕೇಳುವುದನ್ನೂ ಕಲಿಸಿ ಎಂದು ಅದರ ಮೊದಲ ಪುಟದಲ್ಲೇ ಇತ್ತು. ಓದಿ ತುಂಬ ಹಿಡಿಸಿತ್ತು.

ಬಳ್ಳಾರಿ ಕಂಟೋನ್ಮೆಂಟಿನ ಮನೆಯಲ್ಲಿ ನಾನು ಮತ್ತು ನನ್ನ ತಂಗಿ ಇರುತ್ತೇವೆ. ನಾನು ಮೊದಲ ದಿನ ನೀರಿನ ಬಾಟಲಿ, ಬಿ.ಪಿ. ಮಾತ್ರೆ, ಕಿಚನ್ ಟೈಮರ್ ಎಲ್ಲ ಬ್ಯಾಗಿಗೆ ತುಂಬುತ್ತಿದ್ದರೆ ಅವಳು ಬಾಗಿಲಲ್ಲಿ ನಿಂತು, "ಎಪ್ಪತ್ತೊಂದನೇ ವಯಸ್ಸಿಗೆ ಸರ್ಕಾರಿ ಬಸ್ ಹತ್ತಿ ಯುದ್ಧ ನಿಲ್ಲಿಸಾಕ ಹೊಂಟಿ. ಮೊದ್ಲು ಪಕ್ಕದ ಮನಿಯಾಕಿ ಜೊತಿ ನಿನ್ನ ನಲ್ಲಿ ಜಗಳ ನಿಲ್ಸಕ್ಕಾ" ಅಂದಳು.

ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ಕೊಳಗಲ್ಲು ದಾಟಿದ ಮೇಲೆ ಹೊಲದ ಅಂಚಿನ ಕಣಗಳಲ್ಲಿ ಮೆಣಸಿನಕಾಯಿ ಒಣಗಲು ಹರವಿದ್ದರು. ಬಸ್ಸಿನ ಕಿಟಕಿಯಿಂದ ಘಾಟು ಬಂದು ಎಲ್ಲರೂ ಸೀನುತ್ತಿದ್ದೆವು. ಕುರುಗೋಡಿನ ಶಾಲೆ ಬಂಡೆಗುಡ್ಡದ ಬೆನ್ನಿಗೆ ಇದೆ. ಕ್ಲಾಸಿನಲ್ಲಿ ನಲವತ್ತೊಂದು ಮಕ್ಕಳು. ಹ್ಯಾಂಡ್‌ಬುಕ್ ಪ್ರಕಾರ ದುಂಡಗೆ ಕೂರಿಸಬೇಕು. ಬೆಂಚುಗಳು ಕಬ್ಬಿಣದವು. ಅವನ್ನು ಗೋಡೆಗೆ ಸರಿಸಿ ನೆಲ ಗುಡಿಸಿ ಮಕ್ಕಳನ್ನು ಸುತ್ತ ಕೂರಿಸುವುದರಲ್ಲೇ ಒಂದು ಪೀರಿಯಡ್ ಮುಗಿಯಿತು. ಉಳಿದದ್ದು ಇನ್ನೊಂದು.

ಮಾತಾಡುವವರ ಕೈಯಲ್ಲಿ ಒಂದು ವಸ್ತು ಇರಬೇಕು, ಅದು ಯಾರ ಕೈಯಲ್ಲಿದೆಯೋ ಅವರದ್ದೇ ಮಾತು, ಇದು ಮೊದಲನೇ ರೂಲ್. ನಾನು ಬೋರ್ಡಿನ ಡಸ್ಟರ್ ಎತ್ತಿಕೊಂಡೆ. ಎದುರಿಗೆ ಕೂತವರೆಲ್ಲ ತಲೆ ಬಗ್ಗಿಸಿದರು.

"ಯಾಕೆ, ಏನಾಯ್ತು?" ಅಂದೆ.

"ಮಾತಾಡಿದೋರ ಮ್ಯಾಲ ಒಗಿಯೋದಲ್ರಿ ಮಿಸ್ ಅದು!" ಅಂದಳೊಬ್ಬಳು. ಎಲ್ಲರೂ ನಕ್ಕರು. ಮಾತಾಡಿದವರಿಗೆ ಎಸೆಯುವ ಡಸ್ಟರನ್ನು ಮಾತಾಡುವುದಕ್ಕೇ ಕೊಡುತ್ತಿದ್ದೇನೆ ಅನ್ನುವುದು ನನಗೆ ಬಹಳ ಖುಷಿ ಕೊಟ್ಟಿತು. ಅದನ್ನೇ ಇಟ್ಟುಕೊಂಡೆ.

ಶಾಂತಿ ಅಂದರೆ ಏನು ಎಂದು ಕೇಳಿದ್ದಕ್ಕೆ ಬಂದ ಮೊದಲ ಉತ್ತರ, "ಕ್ಲಾಸ್ ಲೀಡರ್ ಬೋರ್ಡ್ ಮ್ಯಾಲ ಮಾತಾಡಿದೋರ ಹೆಸರು ಬರಿಯೋದ್ರಿ." ಗುರುವಾರ ಸಿರುಗುಪ್ಪದಲ್ಲಿ ಯುದ್ಧ ಅಂದರೇನು ಎಂದು ಕೇಳಿದರೆ ಕಾಲುವೆ ನೀರು ಅಂದರು. ಮೇಲಿನ ಊರಿನವರು ತೂಬು ಎತ್ತಿದರೆ ಕೆಳಗಿನ ಊರಿನವರು ಕೋಲು ಹಿಡಿದು ಹೋಗುತ್ತಾರೆ, ಆ ಎರಡೂ ಊರಿನ ಮಕ್ಕಳು ನನ್ನ ಮುಂದೆ ಒಂದೇ ಸುತ್ತಿನಲ್ಲಿ ಕೂತಿದ್ದರು. ಬಳ್ಳಾರಿಯಲ್ಲಿ ಯುದ್ಧ ಅಂದರೆ ಫೋನಿನ ಗೇಮ್. ಜೀನ್ಸ್ ಹೊಲಿಯುವ ತಾಯಿಯ ಮಗಳೊಬ್ಬಳು ಮಾತ್ರ, "ಯುದ್ಧ ಆದ್ರ ಆರ್ಡರ್ ನಿಂತುಬಿಡ್ತಾವ್ರಿ ಮಿಸ್, ನಮ್ಮವ್ವ ಮನ್ಯಾಗ ಕುಂದ್ರತಾಳ" ಅಂದಳು. ನಾನು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಪ್ರಾಮಿಸಿಂಗ್ ಅಂತ ಅಡಿಗೆರೆ ಎಳೆದಿದ್ದೇನೆ.

ಎರಡನೇ ವಾರದ ರೂಲ್ ಕಷ್ಟದ್ದು. ಹಿಂದಿನವರು ಹೇಳಿದ್ದನ್ನು ಮೊದಲು ತಿರುಗಿ ಹೇಳಬೇಕು. ಅವರು "ಹೌದು, ನಾನು ಹೇಳಿದ್ದು ಅದೇ" ಅನ್ನಬೇಕು. ಆಮೇಲೆ ಮಾತ್ರ ತಮ್ಮ ಮಾತು. ಮಕ್ಕಳು ಇದಕ್ಕೆ ತಿರುಗಿ ಹೇಳೋ ರೂಲ್ ಅಂತಲೇ ಹೆಸರಿಟ್ಟರು. ಕುರುಗೋಡಿನಲ್ಲಿ ಮೊದಮೊದಲು ಯಾರಿಗೂ ಆಗಲಿಲ್ಲ. ಬೇರೆಯವರ ಮಾತು ಬಾಯಿಗೆ ಬರುವಷ್ಟರಲ್ಲಿ ವ್ಯಂಗ್ಯವಾಗಿಬಿಡುತ್ತಿತ್ತು.

ಆಗ ಒಬ್ಬ ಹುಡುಗ ಡಸ್ಟರ್ ಹಿಡಿದು, "ಮಾತುಕತಿ ಗೀತುಕತಿ ಏನೂ ಬ್ಯಾಡ್ರಿ. ಒಂದೇ ಸಲಕ್ಕ ಬಾಂಬ್ ಹಾಕಿ ಮುಗಿಸಿಬಿಡಬೇಕು" ಅಂದ. ಚಪ್ಪಾಳೆ ಬಿತ್ತು. ಆ ದಿನಗಳಲ್ಲಿ ಗಡಿಯ ಸುದ್ದಿ ಸಣ್ಣಗೆ ಕಾವೇರುತ್ತಿತ್ತು. ಟಿ.ವಿ. ಭಾಷೆಯೇ ಮಕ್ಕಳ ಬಾಯಲ್ಲಿ. ಡಸ್ಟರ್ ಅವನ ಪಕ್ಕದ ಹುಡುಗಿಯ ಕೈಗೆ ಬಂತು. ತೆಳ್ಳಗೆ, ಎರಡು ಜಡೆ, ಅಂಗೈಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿದ ಕೆಂಪು. ಅವನ ಕಡೆ ತಿರುಗಿ ಅವಳು ನಿಧಾನಕ್ಕೆ ಹೇಳಿದಳು: "ನಿನಗ ಬಾಳ ದಿನ ಕಾಯಾಕ ಆಗಂಗಿಲ್ಲ. ಏನಾಗತೈತಿ ಏನಾಗತೈತಿ ಅಂತ ದಿನಾ ಅಂಜೋದಕ್ಕಿಂತ ಲಗೂ ಮುಗದ್ರ ಸಾಕು ಅಂತಿ. ಹೌದಿಲ್ಲೋ?"

ಹುಡುಗ, "ಹೌದು... ಅದೇ" ಅಂದ. ಅವನ ದನಿ ಇಳಿದಿತ್ತು.

ಇಷ್ಟು ವರ್ಷ ಪಾಠ ಮಾಡಿದವಳಿಗೆ ಇಂಥ ಮಕ್ಕಳು ಸಿಗುವುದು ಎಷ್ಟು ಅಪರೂಪ ಅನ್ನುವುದು ಗೊತ್ತು. ಅವನ ಮಾತಿನ ಒಳಗಿದ್ದ ಅಂಜಿಕೆಯನ್ನು ಅವಳು ಎತ್ತಿ ತೋರಿಸಿದ್ದಳು. ಅವಳಿಗೆ ಆ ಅಂಜಿಕೆ ಎಲ್ಲಿಂದ ಗೊತ್ತು ಎಂದು ನಾನು ಕೇಳಬೇಕಿತ್ತು. ಅವಳ ಅಭ್ಯಾಸದ ಪುಸ್ತಕದಲ್ಲಿ ಬ್ರಿಲಿಯಂಟ್ ಎಂದು ಬರೆದು ಬಸ್ಸಿಗೆ ಹೊರಟೆ.

ಮೂರನೇ ವಾರ ಡಿಬೇಟ್. ಇದು ಹ್ಯಾಂಡ್‌ಬುಕ್ಕಿನಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು. ನಮ್ಮ ಕಾನ್ವೆಂಟಿನಲ್ಲಿ ಶುಕ್ರವಾರ ಮಧ್ಯಾಹ್ನ ಡಿಬೇಟ್ ಇರುತ್ತಿತ್ತು. ಸಿಸ್ಟರ್ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿ ಆಡಿಸಿ ಮುಂದೆ ಹಿಡಿಯುತ್ತಿದ್ದರು. ಫಾರ್ ಬಂದರೆ ಫಾರ್, ಅಗೇನ್ಸ್ಟ್ ಬಂದರೆ ಅಗೇನ್ಸ್ಟ್. ಚೀಟಿ ಬದಲಾಯಿಸುವ ಹಾಗಿಲ್ಲ. ನಿನ್ನದಲ್ಲದ ಪಕ್ಷವನ್ನು ನಿನ್ನದೇ ಅನ್ನುವ ಹಾಗೆ ವಾದಿಸಿದರೆ ಮನಸ್ಸು ದೊಡ್ಡದಾಗುತ್ತದೆ ಅನ್ನುತ್ತಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ವಿದ್ಯೆ ಬೇಡ ಎಂದು ವಾದಿಸಿ ನಾನು ಕಪ್ ಗೆದ್ದಿದ್ದೆ. ಆ ಕಪ್ ಈಗಲೂ ನಮ್ಮ ಶೋಕೇಸಿನಲ್ಲಿದೆ. ಮನಸ್ಸು ದೊಡ್ಡದಾಯಿತೋ ಇಲ್ಲವೋ, ಡಬ್ಬಿಯ ಮೇಲೆ ನನಗೆ ನಂಬಿಕೆ ಮಾತ್ರ ಉಳಿದಿತ್ತು.

ಅಂಥದ್ದೇ ಒಂದು ಡಬ್ಬಿ ತೆಗೆದುಕೊಂಡು ಕುರುಗೋಡಿಗೆ ಹೋದೆ. ಮಾತಾಡಲು ಹನ್ನೆರಡು ಮಕ್ಕಳು, ಹನ್ನೆರಡು ಚೀಟಿ. ಆರರಲ್ಲಿ ಯುದ್ಧ ಬೇಕು, ಆರರಲ್ಲಿ ಯುದ್ಧ ಬೇಡ. ಹತ್ತು ನಿಮಿಷ ತಯಾರಿ, ಎರಡು ನಿಮಿಷ ಮಾತು, ಟೈಮರ್ ಕಿರ್ ಅಂದರೆ ನಿಲ್ಲಿಸಬೇಕು. ಮ್ಯಾಟರ್, ಮ್ಯಾನರ್, ಮೆಥಡ್, ಮೂರಕ್ಕೂ ಅಂಕ.

ಆ ಹುಡುಗಿ ಚೀಟಿ ಬಿಚ್ಚಿ ನೋಡಿ ನನ್ನ ಹತ್ತಿರ ಬಂದಳು.

"ಮಿಸ್, ನನಗ ಬ್ಯಾರೆ ಚೀಟಿ ಕೊಡ್ರಿ."

"ಯಾಕಮ್ಮ?"

"ಹಂಗ ಸುಮ್ನ. ಯುದ್ಧ ಬ್ಯಾಡ ಅನ್ನೋದು ಕೊಡ್ರಿ. ಚಂದ ಮಾತಾಡ್ತೀನಿ."

"ನೋ ಎಕ್ಸ್‌ಚೇಂಜ್, ಮರಿ. ರೂಲ್ ಈಸ್ ರೂಲ್. ನಿನಗೆ ಒಗ್ಗದ ಪಕ್ಷ ಬಂದಿದೆಯಲ್ಲ, ಅದಕ್ಕೇ ಚೆನ್ನಾಗಿ ಮಾತಾಡ್ತೀ ನೋಡು. ಇದು ನಿನ್ನ ಮಾತಲ್ಲ, ಚೀಟಿ ಮಾತು."

ಅವಳು ಇನ್ನೂ ಏನೋ ಹೇಳುವವಳಿದ್ದಳು. ನಾನು ಆಗಲೇ ಟೈಮರ್ ತಿರುಗಿಸಿದ್ದೆ.

ಅವಳ ಸರದಿ ನಾಲ್ಕನೆಯದು. ಪ್ರತಿ ಸೆಷನ್ನಿನದೂ ವಿಡಿಯೋ ಕಳಿಸಬೇಕು ಎಂದು ಸಂಸ್ಥೆಯ ಕಂಡೀಷನ್. ಆ ಶಾಲೆಯ ಕನ್ನಡ ಮೇಷ್ಟ್ರು ತಮ್ಮ ಫೋನಿನಲ್ಲಿ ಹಿಡಿಯುತ್ತಿದ್ದರು. ಹುಡುಗಿ ಎದ್ದು ನಿಂತಳು. ಮೊದಲ ಎರಡು ಮಾತು ತಡವರಿಸಿದಳು. ಆಮೇಲೆ ಬಂತು. ಒಳ್ಳೆಯ ಮಾತುಗಾರರಿಗೆ ಹಾಗೇ ಆಗುತ್ತದೆ, ನಾಲಿಗೆ ತನ್ನ ದಾರಿ ತಾನೇ ಹಿಡಿಯುತ್ತದೆ. ಕೊನೆಗೆ ಹೇಳಿದಳು:

"ಸೈನಿಕ ಅಂದಮ್ಯಾಲ ಸಾಯಾಕ ತಯಾರಾಗೇ ಹೋಗಿರ್ತಾನ. ಅವ ಸತ್ರ ಒಂದು ಮನಿ ಅಳತೈತಿ. ಯುದ್ಧ ಮಾಡ್ಲಿಲ್ಲಂದ್ರ ಊರಿಗೆ ಊರೇ ಅಳತೈತಿ. ಒಂದು ಮನಿ ಅಳಲಿ!"

ಕ್ಲಾಸು ಕಿತ್ತುಹೋಗುವ ಹಾಗೆ ಚಪ್ಪಾಳೆ. ಹುಡುಗರು ಶಿಳ್ಳೆ ಹಾಕಿದರು. ಕನ್ನಡ ಮೇಷ್ಟ್ರು ಒಂದು ಕೈಯಲ್ಲಿ ಫೋನ್ ಹಿಡಿದೇ ತೊಡೆ ತಟ್ಟಿಕೊಂಡರು. ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಅವಳು ಕೂತ ಮೇಲೆ ತಲೆ ತಗ್ಗಿಸಿದ್ದಳು, ತುಟಿ ಆಡುತ್ತಿತ್ತು. ಹೇಳಿದ್ದನ್ನೇ ಮೆಲುಕು ಹಾಕುತ್ತಿದ್ದಾಳೆ ಅಂದುಕೊಂಡೆ. ಗೆದ್ದವರು ಹಾಗೆ ಮಾಡುತ್ತಾರೆ. ನಾನೂ ಮಾಡಿದ್ದೆ.

ಆ ವಾರಾಂತ್ಯಕ್ಕೆ ಗಡಿಯ ಸುದ್ದಿ ಜೋರಾಯಿತು. ನಾಲ್ಕನೇ ಮಂಗಳವಾರ ಕುರುಗೋಡಿಗೆ ಹೋದರೆ ಕ್ಲಾಸು ಕ್ಲಾಸಿನ ಹಾಗಿರಲಿಲ್ಲ. ಹುಡುಗರು ಬೋರ್ಡಿನ ಮೇಲೆ ವಿಮಾನ ಬರೆದಿದ್ದರು. ಡಸ್ಟರ್ ಒಂದೇ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಕಿತ್ತುಕೊಳ್ಳುತ್ತಿದ್ದರು. ತಿರುಗಿ ಹೇಳುವ ರೂಲ್ ಯಾರಿಗೂ ನೆನಪಿಲ್ಲ. ಆ ಹುಡುಗಿ ಇದ್ದರೆ ಸರಿಹೋಗುತ್ತದೆ ಎಂದು ಹುಡುಕಿದೆ. ಅವಳಿರಲಿಲ್ಲ.

"ಶುಕ್ರವಾರದಿಂದ ಬಂದಿಲ್ರಿ" ಎಂದಳು ಅವಳ ಬೆಂಚಿನ ಗೆಳತಿ. ಇವಳು ವಾಚಾಳಿ, ಲೀಡರ್ ಬೋರ್ಡಿನ ಮೇಲೆ ಬರೆಯುವ ಮೊದಲ ಹೆಸರು ಯಾವತ್ತೂ ಇವಳದ್ದೇ.

"ಜ್ವರಾನಾ?"

"ಇಲ್ರಿ. ಅಕಿ ಅಣ್ಣ ಮಿಲಿಟ್ರ್ಯಾಗ ಅದಾನಲ್ರಿ. ಆಯ್ತವಾರಕ್ಕೊಮ್ಮಿ ಫೋನ್ ಮಾಡ್ತಿದ್ದ. ಈ ಆಯ್ತವಾರ ಬರ್ಲಿಲ್ಲ. ಅದಕ್ಕೂ ಮೊದ್ಲೇ ಆ ವಿಡಿಯೋ..."

"ಅಣ್ಣ ಮಿಲಿಟರಿಯಲ್ಲಿದ್ದಾನೆ ಅಂತ ಯಾಕೆ ನನಗೆ ಹೇಳಲಿಲ್ಲ ನೀವು?" ಅಂದೆ.

"ನೀವು ಕೇಳ್ಲಿಲ್ಲಲ್ರಿ ಮಿಸ್" ಅಂದಳು. ಅದರಲ್ಲಿ ಆರೋಪವೇನೂ ಇರಲಿಲ್ಲ. ಸುಮ್ಮನೆ ಇದ್ದದ್ದನ್ನು ಹೇಳಿದಳು.

ಕನ್ನಡ ಮೇಷ್ಟ್ರು ಹೆಮ್ಮೆಯಿಂದ ಆ ವಿಡಿಯೋವನ್ನು ನಮ್ಮ ಶಾಲೆಯ ಪ್ರತಿಭೆ ಎಂದು ಬರೆದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಗುರುವಾರ ಸಂಜೆ ಪಕ್ಕದ ಮನೆಯವರು ಮೆಚ್ಚಿಕೊಂಡು ಅದನ್ನು ಹುಡುಗಿಯ ಅಜ್ಜಿಗೆ ಕೇಳಿಸಿದ್ದರು. ಒಡಹುಟ್ಟಿದವಳ ಬಾಯಲ್ಲಿ ಆ ಮಾತು. ಸೈನಿಕ ಸಾಯಲಿ, ಒಂದು ಮನೆ ಅಳಲಿ. ಮೂರು ದಿನ ಬಿಟ್ಟು ಭಾನುವಾರ ಅಣ್ಣನ ಫೋನ್ ಬರಲಿಲ್ಲ.

ಮೇಷ್ಟ್ರು ಅಳುವ ಹಾಗಾಗಿದ್ದರು. "ನಾ ಅಳಿಸಿಬಿಟ್ಟೀನ್ರಿ ಮೇಡಂ. ಆದ್ರ ಎಲ್ಲಾರ ಫೋನಿಗೂ ಇಳದುಬಿಟ್ಟೈತಿ. ಏನ್ ಮಾಡ್ಲಿ?" ಅಂದರು. ಅವರನ್ನು ಬೈಯಲು ನನಗೆ ಯಾವ ಬಾಯಿ? ಹಿಡಿಯಿರಿ ಅಂದವಳು ನಾನು.

ಸ್ಟಾಫ್ ರೂಮಿನಲ್ಲಿ ಕೂತು ನನ್ನ ಫೋನಿನಲ್ಲಿದ್ದ ವಿಡಿಯೋ ಇನ್ನೊಂದು ಸಲ ಹಾಕಿದೆ. ಚಪ್ಪಾಳೆಯ ಹತ್ತಿರ ಸೌಂಡ್ ತೆಗೆದು ಅವಳ ತುಟಿಯನ್ನೇ ನೋಡಿದೆ. ಮೂರು ಸಲ ನೋಡಿದ ಮೇಲೆ ತಿಳಿಯಿತು. ಬಿಡ್ತು, ಬಿಡ್ತು, ಬಿಡ್ತು. ಕೆಟ್ಟ ಮಾತು ಬಾಯಿಂದ ಜಾರಿದರೆ ದೇವತೆಗಳು ಅಸ್ತು ಅಂದುಬಿಡುತ್ತಾರೆ, ಅವರಿಗಿಂತ ಮೊದಲು ಬಿಡ್ತು ಅನ್ನಬೇಕು ಎಂದು ನನ್ನ ಅಜ್ಜಿಯೂ ನನಗೆ ಹೇಳುತ್ತಿದ್ದಳು. ಕಾನ್ವೆಂಟ್ ಸೇರಿದ ಮೇಲೆ ಸಿಲ್ಲಿ ಸೂಪರ್‌ಸ್ಟಿಷನ್ ಎಂದು ಬಿಟ್ಟಿದ್ದೆ. ನಾನು ಒಂಬತ್ತು ಅಂಕ ಬರೆಯುತ್ತಿದ್ದ ಹೊತ್ತಿನಲ್ಲಿ ಆ ಮಗು ಅಣ್ಣನ ಜೀವ ಕಾಯುತ್ತಿತ್ತು.

ಸಂಸ್ಥೆಯ ಕೋಆರ್ಡಿನೇಟರ್‌ಗೆ ಫೋನ್ ಮಾಡಿದೆ. ಪ್ರೋಗ್ರಾಮ್ ನಿಲ್ಲಿಸುತ್ತೇನೆ ಅಂದೆ. ಆಕೆ ಬೆಂಗಳೂರಿನವರು, ಒಳ್ಳೆಯ ಹುಡುಗಿಯೇ. "ಮೇಡಂ, ಇನ್ನೊಂದೇ ವಾರ ಅಲ್ವಾ, ಕಂಪ್ಲೀಟ್ ಮಾಡಿಬಿಡಿ ಪ್ಲೀಸ್. ಆ್ಯಂಡ್ ಆ ಹುಡುಗಿ ಒಪ್ಪಿದ್ರೆ ಅವಳ ಜೊತೆ ಮಾತಾಡಿ ರೆಕಾರ್ಡ್ ಮಾಡಿ. ಇಟ್ಸ್ ಎ ವೆರಿ ಪವರ್‌ಫುಲ್ ಕೇಸ್ ಸ್ಟಡಿ" ಅಂದರು. ನಾನು ಫೋನ್ ಇಟ್ಟೆ.

"ಮನಿಗೆ ಹೋಗಬ್ಯಾಡ್ರಿ ಮೇಡಂ. ನಾ ಒಮ್ಮಿ ಹೋಗಿ ಬಂದೀನಿ. ಅಜ್ಜಿ ಮಾತಾಡಂಗಿಲ್ಲ" ಅಂದರು ಮುಖ್ಯೋಪಾಧ್ಯಾಯರು. ಆದರೂ ಹೋದೆ. ಶಾಲೆ ಬಿಟ್ಟ ಮೇಲೆ ಆ ವಾಚಾಳಿ ಗೆಳತಿ ದಾರಿ ತೋರಿಸಿದಳು. ಬಂಡೆಗಳ ಸಂದಿನಲ್ಲಿ ನನ್ನ ಮೊಣಕಾಲು ನೋಡಿ ನಿಂತು ನಿಂತು ನಡೆದಳು.

ಅಂಗಳದಲ್ಲಿ ಅಜ್ಜಿ ಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು. ಹುಡುಗಿಯ ತಾಯಿ ಬಾಗಿಲ ಮೆಟ್ಟಿಲಲ್ಲಿ ಕೂತಿದ್ದಳು, ಸೆರಗಿನ ಗಂಟಿನಲ್ಲಿ ಫೋನ್. ನಾನು ಇದ್ದಷ್ಟು ಹೊತ್ತೂ ಎರಡು ನಿಮಿಷಕ್ಕೊಮ್ಮೆ ಗಂಟು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಒಳಗೆ ಕಂಬದ ಹಿಂದೆ ಹುಡುಗಿಯ ಜಡೆಯ ತುದಿ ಕಾಣುತ್ತಿತ್ತು.

"ನಾನು ಅವಳ ಟೀಚರ್" ಅಂದೆ.

"ಗೊತ್ತೈತಿ, ಕುಂದ್ರರಿ" ಅಂದಳು ಅಜ್ಜಿ. ಕೈ ನಿಲ್ಲಿಸಲಿಲ್ಲ. ಕೂರಲು ಒಂದು ಚೀಲ ಹಾಸಿದಳು ಸೊಸೆ.

"ತಪ್ಪು ನಂದು ಅಮ್ಮ. ಅವಳು ಚೀಟಿ ಬದಲಾಯಿಸಿ ಅಂತ ಕೇಳಿದಳು, ನಾನು ಬಿಡಲಿಲ್ಲ. ಅವಳು ಆಡಿದ್ದು ಅವಳ ಮಾತಲ್ಲ. ಅದು ಒಂದು ಥರದ ಆಟ, ಚೀಟಿಯಲ್ಲಿ ಏನು ಬಂತೋ ಅದನ್ನು..."

"ಚೀಟಿ ನಿಮ್ಮದು" ಅಂದಳು ಅಜ್ಜಿ. "ನಾಲಿಗಿ ನಮ್ಮದು."

ಒಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡು ಮುಂದುವರಿಸಿದಳು.

"ನೀವು ಕಲಿತೋರು, ನಿಮಗ ನಾ ಹೇಳಬಾರ್ದು. ಹುಡುಗರು ಆಡ್ತಾವು, ನಾಟಕದಾಗ ಸಾಯ್ತಾವು, ಏಳ್ತಾವು, ನನಗ ತಿಳಿಯಂಗಿಲ್ಲೇನು? ಆದ್ರ ಅವ ಅಲ್ಲಿ ನಿಂತಾನ. ಇಕಿ ಇಲ್ಲಿ ಒಂದು ಮನಿ ಅಳಲಿ ಅಂದ್ಲು. ಯಾವ ಮನಿ ಅಂತ ದೇವ್ರಿಗೆ ಬ್ಯಾರೆ ಹೇಳಬೇಕೇನ್ರಿ?"

"ಅತ್ತಿ, ಸಾಕ ಬಿಡು" ಅಂದಳು ತಾಯಿ.

"ನಾ ಏನು ಬೈಲಿಲ್ಲ ಅಕಿಗೆ. ಅಕೀನೇ ಮಾತು ಬಿಟ್ಟಾಳ. ನಾಕು ದಿನ ಆತು. ಊಟಕ್ಕ ಕರದ್ರ ತಲಿ ಅಲ್ಲಾಡಸ್ತಾಳ. ಬಾಯಿ ತಗದ್ರ ಮತ್ತೇನು ಬರತೈತೋ ಅಂತ ಅಂಜ್ಯಾಳ. ಅರಳು ಹುರದಂಗ ಮಾತಾಡೋ ಹುಡುಗಿ!"

ಕಾನ್ವೆಂಟಿನ ನನ್ನ ಡಿಬೇಟ್ ಆಗ ನೆನಪಾಯಿತು. ಹೆಣ್ಣಿಗೆ ವಿದ್ಯೆ ಬೇಡ ಎಂದು ಕಪ್ ತಂದ ದಿನ ಅಮ್ಮ ಆರತಿ ಎತ್ತಿದ್ದಳು. ನಾನು ಏನು ಹೇಳಿ ಗೆದ್ದೆ ಎಂದು ಅವಳಿಗೆ ತಿಳಿಯಲೇ ಇಲ್ಲ. ನಾವು ವಾದ ಮಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆ ಮಾತು ಶಾಲೆಯ ಗೇಟ್ ದಾಟುತ್ತಿರಲಿಲ್ಲ. ಅದಕ್ಕೇ ನಮಗೆ ಅದು ಆಟ. ಕನ್ನಡದಲ್ಲಿ ಆಡಿದ ಮಾತಿಗೆ ಮನೆಯ ದಾರಿ ಗೊತ್ತಿರುತ್ತದೆ. ಡಬ್ಬಿಯನ್ನು ಕನ್ನಡಕ್ಕೆ ತಂದೆ, ಇಷ್ಟನ್ನು ಯೋಚಿಸಲಿಲ್ಲ.

"ನಾನೇನು ಮಾಡಲಿ ಹೇಳಿ" ಅಂದೆ.

ಅಜ್ಜಿ ಮೊದಲ ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಮಾತು ಕೊಟ್ಟಾಕಿ ನೀವು. ಹಿಂದಕ್ಕ ತಗೊಳ್ರಿ. ಬಿಡ್ತು ಅನ್ರಿ."

ಅರವತ್ತು ವರ್ಷದಿಂದ ಆಡದ ಮಾತು. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಘಾಟಿಗೇ ಎಂದು ಇಟ್ಟುಕೊಳ್ಳೋಣ. ಒಳಗಿನ ಕಂಬದ ಕಡೆ ತಿರುಗಿ, ಹುಡುಗಿಗೆ ಕೇಳುವಷ್ಟು ಗಟ್ಟಿಯಾಗಿ, ಬಿಡ್ತು, ಬಿಡ್ತು, ಬಿಡ್ತು ಅಂದೆ. ಜಡೆಯ ತುದಿ ಅಲುಗಿತು. ಅವಳು ಹೊರಗೆ ಬರಲಿಲ್ಲ. ತಾಯಿ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಫೋನ್ ಸುಮ್ಮನಿತ್ತು.

ಹೊರಡುವಾಗ ಅಜ್ಜಿ, "ಮಂಗಳವಾರ ಕಳಸ್ತೀನಿ. ಸಾಲಿ ಬಿಡಿಸಂಗಿಲ್ಲ. ಆದ್ರ ಅಕಿ ಬಾಯಿ ಬಿಡಸಬ್ಯಾಡ್ರಿ" ಅಂದಳು. ಆಗಲಿ ಅಂದೆ. ಮಾತು ಕಲಿಸಲು ಬಂದವಳು ಮಾತಾಡಿಸುವುದಿಲ್ಲ ಎಂದು ಮಾತು ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಗುರುವಾರ ಸಿರುಗುಪ್ಪಕ್ಕೆ ಡಬ್ಬಿ ತೆಗೆದುಕೊಂಡು ಹೋಗಲಿಲ್ಲ. ಅಲ್ಲಿ ಒಂದು ವಾರ ಹಿಂದೆ ಬಿದ್ದಿದ್ದೆವು, ಡಿಬೇಟ್ ಇನ್ನೂ ಆಗಿರಲಿಲ್ಲ. ಅದರ ಬದಲು ಮೊದಲು ಒಂದು ಪ್ರಶ್ನೆ ಕೇಳಿದೆ, ನಿಮ್ಮ ಮನೆಯಲ್ಲಿ ಯಾರು ಎಲ್ಲಿದ್ದಾರೆ ಅಂತ. ಮೊದಲನೇ ದಿನವೇ ಕೇಳಬೇಕಾದ ಪ್ರಶ್ನೆ. ಆ ಕ್ಲಾಸಿನಲ್ಲಿಯೂ ಇಬ್ಬರ ಮನೆಯವರು ಗಡಿಯ ಕಡೆ ಇದ್ದರು. ಹೇಳಿ ಕೂತರು. ನಾನೂ ಅವರ ಮುಂದೆ ಕೂತೆ. ಆ ದಿನ ಯುದ್ಧದ ಬಗ್ಗೆಯೂ ಶಾಂತಿಯ ಬಗ್ಗೆಯೂ ನಾನು ಏನೂ ಕಲಿಸಲಿಲ್ಲ. ಬಳ್ಳಾರಿಯಲ್ಲಿ ಡಿಬೇಟ್ ಹಿಂದಿನ ವಾರವೇ ಮುಗಿದಿತ್ತು. ಅಲ್ಲಿ ಯಾರ ಮನೆಗೆ ಯಾವ ಮಾತು ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಭಾನುವಾರ ಕಳೆಯಿತು. ಫೋನ್ ಬರಲಿಲ್ಲ ಎಂದು ಮುಖ್ಯೋಪಾಧ್ಯಾಯರು ತಿಳಿಸಿದರು.

ಕೊನೆಯ ಮಂಗಳವಾರ. ಹುಡುಗಿ ಬಂದಿದ್ದಳು. ಸುತ್ತಿನಲ್ಲಿ ಗೆಳತಿಯ ಪಕ್ಕದಲ್ಲೇ ಕೂತಳು. ಕ್ಲಾಸಿಗೆಲ್ಲ ಗೊತ್ತಿತ್ತು, ಯಾರೂ ಅವಳನ್ನು ನೋಡುತ್ತಿರಲಿಲ್ಲ. ನೋಡದೆ ಇರುವುದೇ ಎದ್ದು ಕಾಣುತ್ತಿತ್ತು. ಹ್ಯಾಂಡ್‌ಬುಕ್ಕಿನಲ್ಲಿ ಕೊನೆಯ ಸೆಷನ್ನಿಗೆ ಪ್ರತಿಯೊಂದು ಮಗುವೂ ಮಾತಾಡಲೇಬೇಕು ಎಂದಿತ್ತು. ನಾನು ಅದನ್ನು ಕೈಬಿಟ್ಟೆ. "ಇವತ್ತು ವಿಡಿಯೋ ಇಲ್ಲ, ಅಂಕ ಇಲ್ಲ. ಡಸ್ಟರ್ ಕೈಗೆ ಬಂದಾಗ ಮಾತಾಡಬೇಕು ಅನ್ನಿಸಿದರೆ ಮಾತಾಡಿ. ಬೇಡ ಅನ್ನಿಸಿದರೆ ಎರಡು ನಿಮಿಷ ಹಿಡಿದು ಕೂತುಕೊಳ್ಳಿ, ಅದೂ ಸರದಿಯೇ. ಉಳಿದ ರೂಲ್ ಎಲ್ಲ ಹಾಗೇ" ಅಂದೆ.

ಏಳೆಂಟು ಮಕ್ಕಳು ಏನೇನೋ ಹೇಳಿದರು. ಬಾಂಬ್ ಹಾಕಿ ಅಂದಿದ್ದ ಹುಡುಗ, "ಲಗೂ ಮುಗೀಬೇಕು ಅಷ್ಟರಿ, ಹೆಂಗ ಅಂತ ನನಗ ಗೊತ್ತಿಲ್ಲ" ಅಂದ. ಡಸ್ಟರ್ ಅವಳ ಕೈಗೆ ಬಂತು. ಟೈಮರ್ ತಿರುಗಿಸಿದೆ.

ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಳು. ತುಟಿ ಬಿಗಿದಿತ್ತು, ಅಲುಗಲಿಲ್ಲ. ನಲವತ್ತು ಮಕ್ಕಳ ಉಸಿರು ಕೇಳುತ್ತಿತ್ತು. ಹೊರಗೆ ಬಂಡೆಯ ಮೇಲೆ ಯಾರೋ ಕಲ್ಲು ಕುಟ್ಟುತ್ತಿದ್ದರು. ಎರಡು ನಿಮಿಷ ಅಷ್ಟು ಉದ್ದ ಇರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಟೈಮರ್ ಕಿರ್ ಅಂದಾಗ ಡಸ್ಟರ್ ಗೆಳತಿಗೆ ಕೊಟ್ಟಳು.

ಆ ವಾಚಾಳಿ ಬಾಯಿ ತೆರೆದಳು. ಮುಚ್ಚಿದಳು. ನನ್ನ ಕಡೆ ತಿರುಗಿ, "ಮಿಸ್, ತಿರುಗಿ ಹೇಳೋ ರೂಲ್ ಐತಲ್ರಿ? ಅಕಿ ಹೇಳಿದ್ದನ್ನ ಮೊದ್ಲು ನಾ ಹೇಳಬೇಕಲ್ರಿ?" ಅಂದಳು.

"ಹೌದು."

"ಹಂಗಾರ ಟೈಮರ್ ಹಚ್ರಿ" ಎಂದು ಗೆಳತಿಯ ಹಾಗೆಯೇ ಡಸ್ಟರನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಬಿಗಿದು ಕೂತಳು. ಬೋರ್ಡಿನ ಮೇಲೆ ಯಾವತ್ತೂ ಹೆಸರು ತಪ್ಪದವಳು ಎರಡು ನಿಮಿಷ. ಮುಗಿದ ಮೇಲೆ ಪಕ್ಕಕ್ಕೆ ತಿರುಗಿ ಕೇಳಿದಳು: "ಹೌದಿಲ್ಲೋ? ಇದೇ ಹೌದಿಲ್ಲೋ ನೀ ಹೇಳಿದ್ದು?"

ಹುಡುಗಿ ತಲೆ ಆಡಿಸಿದಳು. ಹೌದು. ಅವಳ ಕಣ್ಣಿಂದ ನೀರು ಇಳಿದು ಡಸ್ಟರಿನ ಸೀಮೆಸುಣ್ಣದ ಪುಡಿ ಮೆತ್ತಿದ ಕೈ ಮೇಲೆ ಬಿತ್ತು. ಮುಂದಿನವಳೂ ಹಾಗೇ ಹಿಡಿದು ಕೂತಳು. ಅದರ ಮುಂದಿನವನೂ. ಗಂಟೆ ಹೊಡೆಯುವವರೆಗೆ ಆ ಕ್ಲಾಸಿನಲ್ಲಿ ಮತ್ತೆ ಯಾರೂ ಮಾತಾಡಲಿಲ್ಲ. ಇದು ಚರ್ಚೆಯೋ ಅಲ್ಲವೋ ನನಗೆ ತಿಳಿಯದು. ನಾನಂತೂ ಕಲಿಸಿದ್ದಲ್ಲ.

ಶುಕ್ರವಾರ ಮುಖ್ಯೋಪಾಧ್ಯಾಯರ ಫೋನ್ ಬಂತು. ಹುಡುಗಿಯ ಅಣ್ಣ ಮಾತಾಡಿದನಂತೆ, ಒಂದೇ ನಿಮಿಷ, ಚೆನ್ನಾಗಿದ್ದಾನೆ. ಮತ್ತೆ ಯಾವಾಗ ಮಾಡುತ್ತೇನೋ ಗೊತ್ತಿಲ್ಲ ಅಂದನಂತೆ. ಅಜ್ಜಿ ನನಗೆ ಹೇಳಿ ಕಳಿಸಿದ್ದಳು: "ಟೀಚರಮ್ಮಗ ಹೇಳ್ರಿ, ಅವ್ರು ಬಿಡ್ತು ಅಂದದ್ದು ಮುಟ್ಟೈತಿ." ಹುಡುಗಿ ಮನೆಯಲ್ಲಿ ಮಾತಾಡುತ್ತಾಳೆ. ಕ್ಲಾಸಿನಲ್ಲಿ ಕೇಳಿದ್ದಕ್ಕೆ ಮಾತ್ರ, ಒಂದೊಂದೇ ಪದ.

ಮುಟ್ಟಿದ್ದು ನನ್ನ ಮಾತಲ್ಲ ಎಂದು ಅಜ್ಜಿಗೆ ಹೇಳಲು ಹೋಗಲಿಲ್ಲ. ಅವನು ಇನ್ನೂ ಅಲ್ಲೇ ನಿಂತಿದ್ದಾನೆ. ಸಂಸ್ಥೆಯ ರಿಪೋರ್ಟಿನಲ್ಲಿ ಮಕ್ಕಳು ಏನು ಕಲಿತರು ಎಂಬ ಕಾಲಂ ಖಾಲಿ ಬಿಟ್ಟು ಕಳಿಸಿದೆ. ತುಂಬಿಸಿ ಎಂದು ಎರಡು ಸಲ ಮೇಲ್ ಬಂದಿದೆ.

ಸಂಜೆ ಏಳಕ್ಕೆ ತಂಗಿ ಟಿ.ವಿ. ಹಾಕುತ್ತಾಳೆ. ನಾಲ್ಕು ಜನ ಕೂತು ಡಿಬೇಟ್ ಮಾಡುತ್ತಿರುತ್ತಾರೆ. ಮ್ಯಾಟರ್, ಮ್ಯಾನರ್, ಮೆಥಡ್ ಎಲ್ಲ ಇರುತ್ತದೆ. ಒಬ್ಬೊಬ್ಬರ ಹತ್ತಿರವೂ ಚಪ್ಪಾಳೆ ಬೀಳುವಂಥ ಒಂದು ಮಾತಿರುತ್ತದೆ. ಅದನ್ನು ಆಡಿದವರು ನೀರು ಕುಡಿದು ಮುಂದಿನ ಮಾತಿಗೆ ಹೋಗುತ್ತಾರೆ.

"ಯಾಕಕ್ಕಾ, ಟಿ.ವಿ. ಹಾಕಿದ್ರ ಸಾಕು, ಬಾಯಾಗ ಅದೇನು ಮಣಮಣ ಅಂತಿ? ಮಂತ್ರ ಕಲ್ತಿಯೇನು?" ಅಂದಳು ತಂಗಿ ಮೊನ್ನೆ.

ಏನಿಲ್ಲ ಅಂದೆ. ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಬ್ಬರು ಒಂದು ಮಾತು ಆಡಿದರು. ನನ್ನ ತುಟಿ ಮತ್ತೆ ಅಲುಗಿತು.